ಮನೆಯಂಗಳದ ಇಂಗ್ಲಿಷ್ ಗುಲಾಬಿ: ಆಟಿಯಲ್ಲಿ ಅಳೆದು ನೋಡಿ

ಪುತ್ತೂರು ತಾಲ್ಲೂಕಿನ ನರಿಮೊಗರು ಮತ್ತು ಆಸುಪಾಸಿನ ಅಡಿಕೆ ಕೃಷಿಕರ ಮನೆಗಳಲ್ಲಿ ಹೂವಿನ ಆಸಕ್ತಿ ಹೊಸದೇನಲ್ಲ. ಈಚೆಗೆ ‘ಇಂಗ್ಲಿಷ್ ಗುಲಾಬಿ’ ಎಂಬ ಪೊದೆ ಗುಲಾಬಿಗಳ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಸಾಮಾನ್ಯ ಗುಲಾಬಿಗಿಂತ ಹಲವು ಪಟ್ಟು ಬೆಲೆಯ ಈ ಸಸಿಗಳನ್ನು ಕೊಳ್ಳಬಹುದೇ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ಕೊಳ್ಳಿರಿ, ಆದರೆ ಎರಡೇ ಸಸಿ. ಅವುಗಳ ಪಕ್ಕದಲ್ಲೇ ನಮ್ಮ ಹಳೆಯ ಎಡ್ವರ್ಡ್ ಗುಲಾಬಿಯನ್ನೂ ನೆಟ್ಟು, ಒಂದು ಮಳೆಗಾಲ ಕಳೆದ ಮೇಲೆ ಹೋಲಿಸಿ ನೋಡಿರಿ.

ಈ ಗುಲಾಬಿಗಳನ್ನು ರೂಪಿಸಿದವರು ಇಂಗ್ಲೆಂಡಿನ ಷ್ರಾಪ್‌ಶೈರ್ ಸೀಮೆಯ ಡೇವಿಡ್ ಆಸ್ಟಿನ್. 1961ರಲ್ಲಿ ‘ಕಾನ್‌ಸ್ಟನ್ಸ್ ಸ್ಪ್ರೈ’, 1983ರಲ್ಲಿ ಹಳದಿ ಬಣ್ಣದ ‘ಗ್ರಹಾಂ ಥಾಮಸ್’, 1986ರಲ್ಲಿ ಸುವಾಸನೆಗೆ ಹೆಸರಾದ ‘ಗರ್ಟ್ರೂಡ್ ಜೆಕಿಲ್’ ಹೊರಬಂದವು. ಹಳೆಯ ಗುಲಾಬಿಗಳ ಬಟ್ಟಲಿನಂಥ ಹೂ ಮತ್ತು ಪರಿಮಳವನ್ನು ಹೊಸ ಗುಲಾಬಿಗಳ ಮರಳಿ ಮರಳಿ ಹೂ ಬಿಡುವ ಗುಣದೊಂದಿಗೆ ಸೇರಿಸುವುದು ಆತನ ಉದ್ದೇಶ. ಅದು ಸಾಧಿಸಿತು, ನಿಜ. ಆದರೆ ಆ ಆಯ್ಕೆ ನಡೆದದ್ದು ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಅದೂ ಹನ್ನೆರಡು ತಿಂಗಳಿಗೂ ಹಂಚಿ ಬೀಳುವ ತಂಪು ನಾಡಿನಲ್ಲಿ. ನಮ್ಮಲ್ಲಿ 3500 ಮಿ.ಮೀ. ಆಸುಪಾಸು ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಇದರ ಪರಿಣಾಮ ಮೊದಲು ಕಾಣುವುದು ಹೂವಿನಲ್ಲಿ. ನೂರಕ್ಕೂ ಮಿಕ್ಕಿ ದಳಗಳಿರುವ ಮೊಗ್ಗು ನೀರು ಕುಡಿದರೆ ಹೊರದಳಗಳು ಅಂಟಿಕೊಂಡು, ಅರಳದೆ, ಉಂಡೆಯಾಗಿಯೇ ಕೊಳೆಯುತ್ತದೆ. ಎಡ್ವರ್ಡ್ ಹೂವಿನಲ್ಲಿ ದಳಗಳ ಜೋಡಣೆ ಸಡಿಲ. ಒಂದು ಹೊಳವು ಸಿಕ್ಕರೂ ಬಿಚ್ಚಿಕೊಳ್ಳುತ್ತದೆ.

ಹೂವಿಗಿಂತ ದೊಡ್ಡ ನಷ್ಟ ಎಲೆಯದು. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆಯ ಮೇಲೆ ಸುಮಾರು ಏಳು ಗಂಟೆ ಪಸೆ ನಿಂತರೆ ಸಾಕು, ಒಳಹೊಕ್ಕುಬಿಡುತ್ತದೆ. ಆಟಿ ತಿಂಗಳಲ್ಲಿ ನಮ್ಮ ಎಲೆಗಳು ಏಳು ಗಂಟೆಯಲ್ಲ, ಏಳು ದಿನ ಒಣಗುವುದಿಲ್ಲ. ಚುಕ್ಕೆಯ ಸುತ್ತ ಹಳದಿಯಾಗಿ ಎಲೆ ಉದುರುತ್ತದೆ. ಗಿಡ ಕೂಡಿಟ್ಟ ಆಹಾರವನ್ನೆಲ್ಲ ಖರ್ಚುಮಾಡಿ ಮತ್ತೆ ಚಿಗುರುತ್ತದೆ, ಆ ಚಿಗುರಿಗೂ ರೋಗ ತಗಲುತ್ತದೆ. ಹೀಗೆ ಎರಡು ಮೂರು ಸಲ ಬರಿದಾದ ಗಿಡ ದೀಪಾವಳಿಯ ಹೊತ್ತಿಗೆ ಬರಿಯ ಕಡ್ಡಿ.

ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಗುಲಾಬಿಗೂ ಎರಚುವ ರೂಢಿ ಕೆಲವು ಮನೆಗಳಲ್ಲಿದೆ. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ಸರಿಯಾದ ಮದ್ದೇ. ಆದರೆ ಮೋಡ ಕವಿದ ತಂಪು ಹವೆಯಲ್ಲಿ ತಾಮ್ರ ಗುಲಾಬಿಯ ಎಳೆ ಚಿಗುರನ್ನು ಸುಡುತ್ತದೆ, ಎಲೆಯನ್ನೂ ಉದುರಿಸುತ್ತದೆ. ಬಾವಿಕಟ್ಟೆಯ ಪಕ್ಕದ ನಾಲ್ಕು ಹೂಗಿಡಗಳಿಗಾಗಿ ವಾರಕ್ಕೊಮ್ಮೆ ಬೇರೆ ಶಿಲೀಂಧ್ರನಾಶಕ ಹೊಡೆಯುವುದನ್ನು ನಾನು ಸಲಹೆ ಮಾಡಲಾರೆ. ಮದ್ದಿಲ್ಲದೆ ಎಲೆ ಉಳಿಸಿಕೊಳ್ಳುವ ತಳಿ ಬೇಕು. ಬಿದ್ದ ಎಲೆಗಳನ್ನು ಆಯ್ದು ಸುಡುವುದು, ಗಿಡಗಳ ನಡುವೆ ಗಾಳಿಯಾಡಲು ನಾಲ್ಕಡಿ ಬಿಡುವುದು, ಇಷ್ಟು ಮಾತ್ರ ತಪ್ಪದೆ ಮಾಡಿರಿ.

ಹೋಲಿಸುವುದು ಹೇಗೆ? ಒಂದನ್ನು ತುಳಸಿಕಟ್ಟೆಯ ಬಿಸಿಲಿನಲ್ಲೂ ಇನ್ನೊಂದನ್ನು ತೆಂಗಿನ ನೆರಳಿನಲ್ಲೂ ನೆಟ್ಟು ತೀರ್ಪು ಕೊಡುವುದು ನ್ಯಾಯವಲ್ಲ. ಪ್ರತಿ ತಳಿಯ ಎರಡು ಸಸಿಗಳನ್ನು ಒಂದೇ ದಿನ, ಒಂದೇ ಮಡಿಯಲ್ಲಿ ಅದಲು ಬದಲಾಗಿ ನೆಡಬೇಕು. ನಮ್ಮ ಮುರಕಲ್ಲು ಮಣ್ಣು ಹುಳಿ. ಒಂದಡಿ ಎತ್ತರದ ಮಡಿಗೆ ಹಟ್ಟಿಗೊಬ್ಬರ, ಸುಡುಮಣ್ಣು, ಸ್ವಲ್ಪ ಸುಣ್ಣ ಬೆರೆಸಿದರೆ ಬೇರಿನಲ್ಲಿ ನೀರೂ ನಿಲ್ಲದು. ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ತೋಟದ ನಡುವಿನ ಮನೆಯಲ್ಲಿ ಅಂಥ ಜಾಗ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಷ್ಟೇ ಸಿಗುವುದು. (ಅಂಗಳದ ಒಂದು ಮೂಲೆ ಬಿಟ್ಟುಕೊಡಲು ಯಜಮಾನರು ಒಪ್ಪಬೇಕು, ಅದು ಬೇರೆ ಮಾತು.) ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಅರಳಿದ ಹೂಗಳ ಲೆಕ್ಕ ಬರೆಯಿರಿ. ಆಗಸ್ಟ್ ಕೊನೆಗೆ ಪ್ರತಿ ಗಿಡದಲ್ಲಿ ಎಲೆ ಎಷ್ಟು ಉಳಿದಿದೆ ಎಂಬುದನ್ನೂ ಬರೆಯಿರಿ. ನನ್ನ ಮಟ್ಟಿಗೆ ಈ ಎರಡನೆಯ ಲೆಕ್ಕವೇ ಮುಖ್ಯ.

ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ನೋಡಿದರೆ ಅಂದದಲ್ಲೂ ಪರಿಮಳದಲ್ಲೂ ಇಂಗ್ಲಿಷ್ ಗುಲಾಬಿಯೇ ಗೆದ್ದೀತು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾರ್ಚಿಯ ಬಿಸಿಲಿಗೆ ಅದರ ಹೂ ಬೇಗ ದಳ ಉದುರಿಸುತ್ತದೆ. ಇನ್ನೊಂದು ವಿಶೇಷವೆಂದರೆ ಇಂಗ್ಲೆಂಡಿನಲ್ಲಿ ಪೊದೆಯಾಗಿ ನಿಲ್ಲುವ ‘ಗ್ರಹಾಂ ಥಾಮಸ್’ ಬೆಚ್ಚಗಿನ ಸೀಮೆಯಲ್ಲಿ ಹತ್ತಡಿ ಬಳ್ಳಿಯಾಗುತ್ತದೆ. ಅಂಥ ಉದ್ದ ರೆಂಬೆಯನ್ನು ಕತ್ತರಿಸದೆ ಅಡ್ಡಕ್ಕೆ ಬಾಗಿಸಿ ಕಟ್ಟಿರಿ. ಗಂಟುಗಂಟಿಗೂ ಹೂ ಬರುತ್ತದೆ. ಸವರುವುದಿದ್ದರೆ ಮಳೆ ಹಿಂದೆಗೆದ ಅಕ್ಟೋಬರ್‌ನಲ್ಲಿ, ಮೂರನೆಯ ಒಂದು ಭಾಗ ಮಾತ್ರ.

ಎಡ್ವರ್ಡನ್ನು ನಾಟಿ ಗಿಡವೆಂದು ಹಟ್ಟಿಯ ಹಿಂದೆ ತಳ್ಳಿದವರು ಒಂದು ಸಂಗತಿ ತಿಳಿದಿರಲಿ. ಅದು ಬೂರ್ಬನ್ ಗುಲಾಬಿಗಳ ವರ್ಗಕ್ಕೆ ಸೇರಿದ್ದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 19ನೇ ಶತಮಾನದ ಆರಂಭದಲ್ಲಿ ಚೀನಾ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ತಾನಾಗಿ ಆದ ಸಂಕರ ಅದು. ಈಗಿನ ಗುಲಾಬಿಗಳ ಪೂರ್ವಿಕರಲ್ಲಿ ಬೂರ್ಬನ್ ವರ್ಗವೂ ಒಂದು. ಬಿಡಿ ಹೂವಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸವಿ’ ತಳಿಯನ್ನೂ ಇದೇ ಮಡಿಯಲ್ಲಿ ಸೇರಿಸಬಹುದು.

ಸಸಿ ಕೊಳ್ಳುವಾಗ ತಳಿಯ ಹೆಸರನ್ನೂ ಬೇರುಗಿಡದ ಹೆಸರನ್ನೂ ಬರೆಸಿಕೊಳ್ಳಿರಿ. ಬರಿಯ ‘ಇಂಗ್ಲಿಷ್’ ಎಂಬ ಚೀಟಿಯಿದ್ದರೆ ಹೆಚ್ಚು ಬೆಲೆ ಕೊಡಬೇಡಿ. ಎಡ್ವರ್ಡ್ ಬೇರಿನ ಮೇಲೆ ಕಣ್ಣು ಕಸಿ ಮಾಡಿದ ಸಸಿ ಸಿಕ್ಕರೆ ಅದನ್ನೇ ಆರಿಸಿರಿ. ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಗುಲಾಬಿ ಕಡ್ಡಿ ತರಿಸುವವರೂ ಇದ್ದಾರೆ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಾಗೆ ತರುವುದು 2003ರ ಸಸ್ಯ ಸಂಪರ್ಕನಿಷೇಧ ಆದೇಶಕ್ಕೆ ವಿರುದ್ಧ. ಕಡ್ಡಿಯೊಂದಿಗೆ ಬರುವ ನಂಜುರೋಗ ಕಣ್ಣಿಗೆ ಕಾಣುವುದೂ ಇಲ್ಲ.