ಬೆಟ್ಟದ ಗುಟ್ಟು ಯಾರಿಗೆ ಗುಟ್ಟು?

ಪೊಲೀಸರ ಗುಟ್ಟಿನ ಕೆಲಸಕ್ಕೆ ಲೆಕ್ಕ ಕೇಳಿದರೆ ಈ ದೇಶದಲ್ಲಿ ಒಂದೇ ಉತ್ತರ: ಭದ್ರತೆಯ ವಿಷಯ, ಹೇಳೋಕಾಗಲ್ಲ. ಮಾಹಿತಿದಾರರಿಗೆ ಕೊಟ್ಟ ದುಡ್ಡೆಷ್ಟು? ಎಷ್ಟು ಜನರ ಫೋನಿಗೆ ಕಿವಿ ಕೊಟ್ಟಿರಿ? ರಾತ್ರಿ ಹಟ್ಟಿಯಿಂದ ಎತ್ತಿಕೊಂಡು ಹೋದವನನ್ನು ಎಲ್ಲಿಟ್ಟಿರಿ? ಯಾವುದನ್ನೇ ಕೇಳಿ, ಹೇಳೋಕಾಗಲ್ಲ. ಆಗಲಿ ಸ್ವಾಮಿ, ಗುಟ್ಟು ಗುಟ್ಟಾಗೇ ಇರಲಿ. ಆದರೆ ಯಾರಿಗೆ ಗುಟ್ಟು, ಯಾರಿಗೆ ಬಟಾಬಯಲು? ಇದನ್ನು ಕೇಳೋದಕ್ಕೆ ಕರ್ನಾಟಕದಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ತಮಿಳುನಾಡಿನ ಕಾರ್ಯಪಡೆ ವೀರಪ್ಪನ್‌ನನ್ನು ಕೊಂದಿತು. ಅದಕ್ಕೆ ‘ಆಪರೇಷನ್ ಕಕೂನ್’ ಎಂಬ ಹೆಸರಿತ್ತು. ಅವನ ಗುಂಪಿನೊಳಕ್ಕೆ ತಮ್ಮವರನ್ನು ಬಿಟ್ಟಿದ್ದು, ಆಂಬುಲೆನ್ಸಿನ ವೇಷದ ವ್ಯಾನು, ಅದನ್ನು ಓಡಿಸಿದ ಪೊಲೀಸಿನವನು, ಕಣ್ಣಿನ ಚಿಕಿತ್ಸೆಯ ನೆಪ, ಇವೆಲ್ಲ ಇವತ್ತು ಹೈಸ್ಕೂಲು ಹುಡುಗನಿಗೂ ಗೊತ್ತು. ಹೇಗೆ ಗೊತ್ತಾಯಿತು? ಪೊಲೀಸರೇ ಹೇಳಿದರು. ಪತ್ರಿಕೆಗಳಿಗೆ ಹೇಳಿದರು, ಟೀವಿಗೆ ಹೇಳಿದರು. ಕಾರ್ಯಪಡೆಯ ಮುಖ್ಯಸ್ಥರಾಗಿದ್ದ ಕೆ. ವಿಜಯಕುಮಾರ್ 2017ರಲ್ಲಿ ಪುಸ್ತಕವನ್ನೇ ಬರೆದರು. ಅದಕ್ಕೂ ಮುಂಚೆ 2016ರಲ್ಲಿ ಕನ್ನಡದಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಸಿನಿಮಾ ಬಂತು, ಶಿವರಾಜಕುಮಾರ್ ಪೊಲೀಸ್ ಆದರು, ಟಾಕೀಸಿನಲ್ಲಿ ಸಿಳ್ಳೆ ಬಿತ್ತು. ಇಷ್ಟು ಗುಟ್ಟಿನ ಕಾರ್ಯಾಚರಣೆ ಟಿಕೆಟ್ ಕೊಂಡವರಿಗೆಲ್ಲ ಬಿಚ್ಚಿಕೊಂಡಿತು. ಆಗ ದೇಶದ ಭದ್ರತೆ ಹಾಳಾಗಲಿಲ್ಲ.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೇಳಲಿ, ಬರೆಯಲಿ. ಆದರೆ ಅದೇ ಕಾಲದ, ಅದೇ ಕಾರ್ಯಪಡೆಯ ಇನ್ನೊಂದು ಕತೆ ಇದೆಯಲ್ಲ. ಅದರ ಹೆಸರು ‘ವರ್ಕ್‌ಶಾಪ್’.

ಗ್ಯಾರೇಜು ಅಂತ ತಿಳಿಯಬೇಡಿ. ಮಾದಪ್ಪನ ಬೆಟ್ಟದಲ್ಲಿ ಎಸ್‌ಟಿಎಫ್‌ನೋರು ಜನರನ್ನು ತಂದು ‘ವಿಚಾರಣೆ’ ಮಾಡುತ್ತಿದ್ದ ಜಾಗಕ್ಕೆ ಬಿದ್ದ ಹೆಸರು ಅದು. ಕೆಟ್ಟುಹೋದ ಮನುಷ್ಯರನ್ನು ರಿಪೇರಿ ಮಾಡೋ ಜಾಗ! ಅಲ್ಲಿಗೆ ಬಂದವರು ಯಾರು? ಗೋಪಿನಾಥಂ, ಮಾರ್ಟಳ್ಳಿ, ನಲ್ಲೂರು, ಹೂಗ್ಯಂ, ಇಂಥ ಊರುಗಳ ಸುತ್ತಿನ ತಮಿಳು ಮಾತಾಡುವ ಕೂಲಿ ಜನ, ಸೋಲಿಗರು, ದನ ಮೇಯಿಸುವವರು, ಕಲ್ಲು ಒಡೆಯುವವರು, ಸೌದೆ ಹೊರುವ ಹೆಂಗಸರು. ಕರೆಂಟ್ ಕೊಟ್ಟದ್ದು, ನೇತು ಹಾಕಿ ಹೊಡೆದದ್ದು, ಹೆಣ್ಣುಮಕ್ಕಳ ಮಾನ ಕಳೆದದ್ದು, ಎಲ್ಲವನ್ನೂ ಬದುಕಿ ಬಂದವರು ಆಮೇಲೆ ಬಾಯಿಬಿಟ್ಟು ಹೇಳಿಕೊಂಡರು. ಯಾರ ಮುಂದೆ? ಸಿನಿಮಾದವರ ಮುಂದಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ಸಮಿತಿಯ ಮುಂದೆ. ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅದರ ಅಧ್ಯಕ್ಷರು, ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಜೊತೆಗಿದ್ದವರು. ಸಮಿತಿ ವರದಿ ಕೊಟ್ಟದ್ದು 2003ರ ಡಿಸೆಂಬರಿನಲ್ಲಿ. 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ಮಧ್ಯಂತರ ಪರಿಹಾರ ಕೊಡಿ ಅಂತ ಆಯೋಗ ಹೇಳಿದ್ದು 2007ರ ಜನವರಿಯಲ್ಲಿ. ಸಮಿತಿ ಹುಟ್ಟಿ ಆಗಲೇ ಏಳು ವರ್ಷ ದಾಟಿತ್ತು.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಮೇಷ್ಟ್ರುಗಳು ಬೋರ್ಡಿನ ಮೇಲೂ ಮಾಡಿಸಬಹುದು. ವೀರಪ್ಪನ್ ಸತ್ತ ಕೂಡಲೇ ತಮಿಳುನಾಡು ಸರ್ಕಾರ ಕಾರ್ಯಪಡೆಯ ಏಳುನೂರಕ್ಕೂ ಹೆಚ್ಚು ಮಂದಿಗೆ ತಲಾ 3 ಲಕ್ಷ ರೂಪಾಯಿ, ಒಂದು ಬಡ್ತಿ, ಒಂದು ಸೈಟು ಘೋಷಿಸಿತು. ಅದಕ್ಕೆ ಆಯೋಗ ಬೇಕಾಗಲಿಲ್ಲ, ಸಾಕ್ಷಿ ಬೇಕಾಗಲಿಲ್ಲ. ಇತ್ತ 2 ಕೋಟಿ 80 ಲಕ್ಷವನ್ನು 89ರಿಂದ ಭಾಗಿಸಿದರೆ ತಲಾ ಎಷ್ಟು ಬಂತು? ಮೂರು ಲಕ್ಷದ ಮೇಲೆ ಸ್ವಲ್ಪ. ಹೊಡೆದವನು ಯಾರು, ಹಿಡಿದವನು ಯಾರು ಅಂತ ನೋಡದೆ ಪಡೆಯ ಪ್ರತಿಯೊಬ್ಬನಿಗೂ ಮೂರು ಲಕ್ಷ. ಏಟು ತಿಂದವನು, ಗಂಡನನ್ನು ಕಳೆದುಕೊಂಡವಳು ಸರಾಸರಿ ಅಷ್ಟಕ್ಕೇ ವರ್ಷಗಟ್ಟಲೆ ಕಾಯಬೇಕು, ಸೈಟು ಇಲ್ಲದೆ.

ಗುಟ್ಟು ಯಾರಿಗೆ ಅಂತ ಕೇಳಿದೆನಲ್ಲ. ಇನ್ನೊಂದು ಉದಾಹರಣೆ ನೋಡಿ. ಕರ್ನಾಟಕದ ಕಾರ್ಯಪಡೆಯ ಮುಖ್ಯಸ್ಥರಾಗಿದ್ದ ಅಧಿಕಾರಿಯೊಬ್ಬರನ್ನು ರಾಜ್ಯದ ಡಿಜಿಪಿ ಮಾಡಿದ ನೇಮಕವನ್ನು 2012ರ ಮಾರ್ಚಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಆ ವ್ಯಾಜ್ಯದಲ್ಲಿ ಎದ್ದ ಪ್ರಶ್ನೆ ಏನು ಗೊತ್ತೆ? ಸದಾಶಿವ ಸಮಿತಿಯ ವಿಷಯವನ್ನು ರಾಜ್ಯ ಸರ್ಕಾರ ಯುಪಿಎಸ್‌ಸಿಯ ಮುಂದೆ ಇಡಲಿಲ್ಲ ಅನ್ನೋದು. ಆ ಅಧಿಕಾರಿ ಒಳ್ಳೆಯವರೋ ಕೆಟ್ಟವರೋ, ಅದು ನನ್ನ ಮಾತಲ್ಲ. ಮಾನವ ಹಕ್ಕು ಆಯೋಗವೇ ಬರೆಸಿದ ವರದಿ ಕಪಾಟಿನಿಂದ ಆಚೆ ಬರೋದಕ್ಕೂ ಕೋರ್ಟಿಗೆ ಹೋಗಬೇಕಾಗುತ್ತೆ ಅನ್ನೋದು ನನ್ನ ಮಾತು. ಇನ್ನು ಯಾರೂ ಬರೆಸದ ವರದಿಗಳ ಗತಿ?

ಈಗ ಮಾಹಿತಿದಾರರ ವಿಷಯಕ್ಕೆ ಬರೋಣ. ಗುಟ್ಟಿನ ಪೊಲೀಸ್‌ಗಿರಿಯ ಬೇರು ಇರೋದೇ ಅಲ್ಲಿ. ನಮ್ಮ ಹೋರಾಟಗಾರರೂ ಇದರ ಬಗ್ಗೆ ಮಾತಾಡುವುದು ಕಮ್ಮಿ. ‘ಇನ್‌ಫಾರ್ಮರ್’ ಅಂದರೆ ದ್ರೋಹಿ ಅಂತ ಬೈದು ಸುಮ್ಮನಾಗುತ್ತೇವೆ. ಯಾರು ಸ್ವಾಮಿ ಮಾಹಿತಿದಾರ ಆಗೋದು? ನೂರು ಎಕರೆಯ ಜಮೀನ್ದಾರ ಆಗ್ತಾನಾ? ಕ್ವಾರಿ ಮಾಲೀಕ ಆಗ್ತಾನಾ? ಗಂಧದ ತುಂಡು ಹೊತ್ತು ಸಿಕ್ಕಿಬಿದ್ದ ಕೂಲಿಯವನು, ಕಾಡಿನಲ್ಲಿ ಜೇನು ಕಿತ್ತ ಸೋಲಿಗ, ಕೇಸು ಹಾಕ್ತೀನಿ ಅಂದರೆ ನಡುಗುವ ಹೊಲೆಮಾದಿಗರ ಕೇರಿಯವನು, ಇವರೇ ಆಗೋದು. ಅವನ ಕೈಗೆ ಸಂಬಳವಿಲ್ಲ, ಆರ್ಡರಿಲ್ಲ, ಗುರುತಿನ ಚೀಟಿಯಿಲ್ಲ. ಬಾಯಿ ಬಿಟ್ಟರೆ ವೀರಪ್ಪನ್, ಬಾಯಿ ಮುಚ್ಚಿದರೆ ಎಸ್‌ಟಿಎಫ್.

1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಎಲ್ಲರೂ ಅದನ್ನು ಪೊಲೀಸರ ಸಾವು ಅಂತ ನೆನೆಯುತ್ತಾರೆ. ಪೊಲೀಸರೂ ಸತ್ತರು, ನಿಜ, ಅವರೂ ಬಡವರ ಮಕ್ಕಳೇ. ಆದರೆ ಆ ಬಸ್ಸಿನಲ್ಲಿ ಫಾರೆಸ್ಟ್ ವಾಚರುಗಳಿದ್ದರು, ದಾರಿ ತೋರಿಸಲು ಕರೆದೊಯ್ದ ಮಾಹಿತಿದಾರರಿದ್ದರು. ಸಮವಸ್ತ್ರವಿಲ್ಲದೆ ಸತ್ತವರು ಅವರು. ಪೊಲೀಸ್ ಹುತಾತ್ಮರ ದಿನ ಅಂತ ವರ್ಷವರ್ಷ ಬಂದೂಕು ತಿರುಗಿಸಿ ಹಿಡಿದು ಗೌರವ ಸಲ್ಲಿಸುತ್ತಾರಲ್ಲ, ಆ ಸಾಲಿನಲ್ಲಿ ಇಂಥವರಿಗೆ ಜಾಗ ಎಲ್ಲಿ? 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಪ್ರಾಣ ಕಳೆದುಕೊಂಡದ್ದೂ ಮಾಹಿತಿಯ ಹೆಸರಿನಲ್ಲಿ ಒಡ್ಡಿದ ಬಲೆಯಲ್ಲೇ. ಗುಟ್ಟಿನ ಕೆಲಸ ಎರಡು ಕಡೆಯೂ ಕೊಯ್ಯುತ್ತದೆ. ಕೊಯ್ದ ಮೇಲೆ ಲೆಕ್ಕ ಬರೆಯುವುದು ಮಾತ್ರ ಒಂದೇ ಕಡೆ.

ಕಾನೂನೂ ಹಾಗೇ ಇದೆ. ಸುದ್ದಿ ಎಲ್ಲಿಂದ ಬಂತು ಅಂತ ಪೊಲೀಸಿನವನನ್ನು ಬಲವಂತವಾಗಿ ಹೇಳಿಸಬಾರದು ಅಂತ 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಮು ಹೇಳಿತ್ತು. 2023ರಲ್ಲಿ ಕಾಯ್ದೆಯ ಹೆಸರು ಬದಲಾಯಿತು, ಮಾತು ಬದಲಾಗಲಿಲ್ಲ. ಮಾಹಿತಿದಾರನ ಜೀವ ಉಳಿಯಲಿ ಅನ್ನೋದಾದರೆ ಸರಿಯೇ. ಆದರೆ ಮಾಹಿತಿಯೇ ಇಲ್ಲದೆ ಹಿಡಿದುಕೊಂಡು ಬಂದಾಗಲೂ ಇದೇ ಕಲಮು ಕಂಬಳಿಯಂತೆ ಮುಚ್ಚುತ್ತದಲ್ಲ! ಅದರ ಜೊತೆ ಟಾಡಾ ಸೇರಿದರೆ ಕೇಳಬೇಕೆ. ಎಸ್‌ಪಿ ಮುಂದೆ ಒಪ್ಪಿಕೊಂಡ ಮಾತೇ ಕೋರ್ಟಿನಲ್ಲಿ ಸಾಕ್ಷಿ. ಬೆಟ್ಟದ ಸುತ್ತಿನವರ ಮೇಲೆ ಹಾಕಿದ ಟಾಡಾ ಕೇಸುಗಳ ತೀರ್ಪು ಮೈಸೂರಿನ ವಿಶೇಷ ಕೋರ್ಟಿನಿಂದ ಬಂದದ್ದು 2001ರಲ್ಲಿ. ನೂರಕ್ಕೂ ಹೆಚ್ಚು ಆರೋಪಿಗಳಲ್ಲಿ ಶಿಕ್ಷೆಯಾದದ್ದು 14 ಮಂದಿಗೆ. ಮಿಕ್ಕವರೆಲ್ಲ ನಿರ್ದೋಷಿಗಳು. ಅವರಲ್ಲಿ ಎಷ್ಟೋ ಜನ ಅಷ್ಟು ವರ್ಷ ಜಾಮೀನಿಲ್ಲದೆ ಒಳಗೇ ಇದ್ದವರು. ಟಾಡಾ ಕಾಯ್ದೆಯೇ 1995ರಲ್ಲಿ ಸತ್ತಿತ್ತು, ಅದರ ಕೈದಿಗಳು ಬದುಕಿದ್ದರು. ಶಿಕ್ಷೆಯಾದವರಲ್ಲಿ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಜೀವಾವಧಿಯನ್ನು ಗಲ್ಲಿಗೆ ಏರಿಸಿತು. 2014ರಲ್ಲಿ ಅದೇ ಕೋರ್ಟು ಕ್ಷಮಾದಾನ ಅರ್ಜಿಯ ವಿಳಂಬ ನೋಡಿ ಮತ್ತೆ ಜೀವಾವಧಿಗೆ ಇಳಿಸಿತು.

ನಿರ್ದೋಷಿಗಳನ್ನು ಯಾವ ಮಾಹಿತಿಯ ಮೇಲೆ ಹಿಡಿದರು? ಗುಟ್ಟು.

ಇದೇ ಬೆಟ್ಟದಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರಲ್ಲ, ಶ್ರವಣನ ಕತೆ. ದೇವರುಗಳನ್ನೇ ಸೆರೆ ಹಿಡಿದಿದ್ದ ಶ್ರವಣನನ್ನು ಮಾದಪ್ಪ ಕೊಂದದ್ದೂ ಉಪಾಯದಿಂದಲೇ. ಆದರೆ ಹಾಡಿನಲ್ಲಿ ಯಾವುದೂ ಮುಚ್ಚಿಲ್ಲ. ಯಾವ ಉಪಾಯ, ಅರಗಿನ ಮೆಟ್ಟು ಮಾಡಿಕೊಟ್ಟ ಹರಳಯ್ಯ ಯಾರು, ಅವನ ಮನೆಗೆ ಮಾದಪ್ಪ ಹೋದದ್ದು ಹೇಗೆ, ಎಲ್ಲವನ್ನೂ ಊರ ನಡುವೆ, ರಾತ್ರಿಯಿಡೀ, ಕೇಳಲು ಬಂದವರ ಮುಂದೆ ಹೇಳಬೇಕು. ದೇವರೂ ಬಚ್ಚಿಡಲಿಲ್ಲ. ಉಪಾಯಕ್ಕೆ ಕೈಕೊಟ್ಟ ಮಾದಿಗನ ಹೆಸರು ಶತಮಾನಗಳಿಂದ ಹಾಡಿನಲ್ಲಿ ಉಳಿದಿದೆ. ಪಾಲಾರಿನಲ್ಲಿ ಸತ್ತ ಮಾಹಿತಿದಾರರ ಹೆಸರು ಎಷ್ಟು ಜನರಿಗೆ ಗೊತ್ತಿದೆ?

ಗುಟ್ಟಿನ ಪೊಲೀಸ್‌ಗಿರಿ ಬಗ್ಗೆ ನಮ್ಮ ರಾಜ್ಯ ಯಾವತ್ತೂ ಸಿಟ್ಟಾಗಿಲ್ಲ ಅಂತ ತಿಳಿಯಬೇಡಿ. 1988ರಲ್ಲಿ ಫೋನ್ ಕದ್ದಾಲಿಕೆಯ ಹಗರಣಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2019ರಲ್ಲಿ ಕುಮಾರಸ್ವಾಮಿ ಸರ್ಕಾರದ ಕಾಲದಲ್ಲಿ ರಾಜಕಾರಣಿಗಳು, ಅಧಿಕಾರಿಗಳು, ಮಠಾಧೀಶರ ಫೋನು ಕೇಳಿಸಿಕೊಂಡರು ಅಂತ ಆರೋಪ ಬಂದಾಗ ಯಡಿಯೂರಪ್ಪ ಸರ್ಕಾರ ವಾರಗಳಲ್ಲೇ ಸಿಬಿಐಗೆ ಕೊಟ್ಟಿತು. ದೊಡ್ಡವರ ತಂತಿಗೆ ಕಿವಿ ಇಟ್ಟರೆ ಸರ್ಕಾರವೇ ಅಲ್ಲಾಡುತ್ತೆ. ಫೋನೇ ಇಲ್ಲದ ಜನರ ಮೈಗೆ ತಂತಿ ಇಟ್ಟರೆ ಅದು ‘ಕಾರ್ಯಾಚರಣೆ’.

ಫೋನಿನ ವಿಷಯದಲ್ಲಾದರೂ ಲೆಕ್ಕ ಇದೆಯೇ? 1996ರಲ್ಲಿ ಪಿಯುಸಿಎಲ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದಿಷ್ಟು ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿ ಆದೇಶ ಮಾಡಬೇಕು, ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು. 2024ರ ಡಿಸೆಂಬರಿನ ಹೊಸ ನಿಯಮಗಳಲ್ಲೂ ಇದೇ ಏರ್ಪಾಡು. ಕೇಳುವವನೂ ಸರ್ಕಾರ, ಅಪ್ಪಣೆ ಕೊಡುವವನೂ ಸರ್ಕಾರ, ಪರಿಶೀಲಿಸುವವನೂ ಸರ್ಕಾರ, ಕಡತವನ್ನು ಆರಾರು ತಿಂಗಳಿಗೆ ನಾಶ ಮಾಡುವವನೂ ಸರ್ಕಾರ. ಬೇಲಿ, ಹೊಲ, ಮೇಯೋ ದನ ಮೂರೂ ಒಬ್ಬನವೇ. ಕೇಂದ್ರ ಸರ್ಕಾರ ಒಂದರಿಂದಲೇ ತಿಂಗಳಿಗೆ 7500ರಿಂದ 9000 ಕದ್ದಾಲಿಕೆ ಆದೇಶ ಹೊರಡುತ್ತಿತ್ತು ಅನ್ನೋದು ಹತ್ತು ವರ್ಷದ ಕೆಳಗೆ ಗೊತ್ತಾಯಿತು. ಸರ್ಕಾರ ತಾನಾಗಿ ಹೇಳಿದ್ದಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಿತ್ತುಕೊಂಡದ್ದು.

ಹೊರಗಿನ ದೇಶಗಳು ದೇವಲೋಕವೇನಲ್ಲ. ಆದರೂ ನೋಡಿ, ಅಮೆರಿಕದಲ್ಲಿ 1968ರ ಕಾನೂನಿನ ಪ್ರಕಾರ ಪ್ರತಿ ವರ್ಷ ಕದ್ದಾಲಿಕೆಯ ವರದಿ ಅಲ್ಲಿನ ಸಂಸತ್ತಿಗೆ ಹೋಗುತ್ತದೆ. ಎಷ್ಟು ಆದೇಶ, ಎಷ್ಟು ಖರ್ಚು, ಎಷ್ಟು ಮಂದಿ ಸೆರೆ, ಎಷ್ಟು ಜನಕ್ಕೆ ಶಿಕ್ಷೆ, ಎಲ್ಲ ಅಂಕಿಗಳಲ್ಲಿ. ಬ್ರಿಟನ್ನಿನಲ್ಲಿ ಇದಕ್ಕೇ ಒಬ್ಬ ಕಮಿಷನರ್ ಇದ್ದಾರೆ, ಗುಪ್ತ ಮಾಹಿತಿದಾರರನ್ನು ಬಳಸಿದ ಲೆಕ್ಕವೂ ಅವರ ವಾರ್ಷಿಕ ವರದಿಯ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ಪೊಲೀಸರು ವೇಷ ಮರೆಸಿ ಹೋರಾಟದ ಸಂಘಟನೆಗಳೊಳಗೆ ಸೇರಿ, ಹೆಣ್ಣುಮಕ್ಕಳಿಗೆ ಮೋಸ ಮಾಡಿದ್ದು ಬಯಲಾದ ಮೇಲೆ 2015ರಲ್ಲಿ ಸಾರ್ವಜನಿಕ ವಿಚಾರಣೆಯೇ ಶುರುವಾಯಿತು. ನಮಗೆ 1872ರ ಕಾಯ್ದೆ ಬಿಟ್ಟುಹೋದ ಇಂಗ್ಲಿಷಿನವನು ತನ್ನ ಮನೆಯಲ್ಲಿ ಲೆಕ್ಕ ಕೊಡುತ್ತಾನೆ. ನಾವು ಅವನು ಬಿಟ್ಟ ಬೀಗವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

‘ಹಾಗಾದರೆ ವೀರಪ್ಪನ್ ಪರ ಮಾತಾಡ್ತೀಯಾ?’ ಈ ಮಾತು ಬಂದೇ ಬರುತ್ತೆ. ಇಲ್ಲ ಕಣ್ರಪ್ಪ. ಅವನು ಆನೆ ಕೊಂದ, ಮನುಷ್ಯರನ್ನು ಕೊಂದ, ಮಾಹಿತಿದಾರ ಅಂತ ಅನುಮಾನ ಬಂದ ಬಡವರನ್ನೂ ಬಿಡಲಿಲ್ಲ. ಮಾಜಿ ಮಂತ್ರಿ ನಾಗಪ್ಪನವರನ್ನು 2002ರಲ್ಲಿ ಕಾಮಗೆರೆಯಿಂದ ಹೊತ್ತೊಯ್ದ, ಅವರು ಹೆಣವಾಗಿ ಸಿಕ್ಕರು. ಅವನನ್ನು ಹಿಡಿಯಲು ಪೊಲೀಸರು ವೇಷ ಹಾಕಬೇಕಾಗಿತ್ತು, ಸುದ್ದಿ ಸಂಗ್ರಹಿಸಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಒಂದು ಮಾತು ಗಮನಿಸಿ: ಅವನು ಕೊನೆಗೆ ಸಿಕ್ಕಿದ್ದು ಗುಂಪಿನೊಳಗೆ ಬಿಟ್ಟ ಜನರಿಂದ, ಆಂಬುಲೆನ್ಸಿನಿಂದ. ವರ್ಕ್‌ಶಾಪಿನಿಂದ ಸಿಗಲಿಲ್ಲ. ಅಷ್ಟು ಜನರ ಮೈ ಮುರಿದ ಮೇಲೂ ಹತ್ತು ವರ್ಷ ಅವನು ಕಾಡಿನಲ್ಲೇ ಇದ್ದ, 2000ದಲ್ಲಿ ಗಾಜನೂರಿನಿಂದ ರಾಜಕುಮಾರರನ್ನೇ ಎತ್ತಿಕೊಂಡು ಹೋದ. ಹಿಂಸೆ ಕೊಟ್ಟು ಪಡೆದ ‘ಮಾಹಿತಿ’ಯ ಬೆಲೆ ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿ ಪ್ರಕಟಿಸಿದ್ದರೆ ಇದು ಮೊದಲ ವರ್ಷವೇ ಗೊತ್ತಾಗುತ್ತಿತ್ತು.

ನಾವು ಹೆಸರು ಕೇಳುತ್ತಿಲ್ಲ. ಎಣಿಕೆ ಕೇಳುತ್ತಿದ್ದೇವೆ. ವರ್ಷಕ್ಕೆ ಎಷ್ಟು ಕದ್ದಾಲಿಕೆ ಆದೇಶ, ಗುಪ್ತ ನಿಧಿಯಿಂದ ಎಷ್ಟು ರೂಪಾಯಿ, ಗುಪ್ತ ಮಾಹಿತಿಯ ಮೇಲೆ ಹಿಡಿದ ಎಷ್ಟು ಜನರಲ್ಲಿ ಎಷ್ಟು ಮಂದಿ ಬಿಡುಗಡೆ, ಮಾಹಿತಿದಾರರಲ್ಲಿ ಸತ್ತವರೆಷ್ಟು, ಅವರ ಮನೆಯವರಿಗೆ ಏನು ಕೊಟ್ಟಿರಿ. ಇದನ್ನು ವಿಧಾನಸಭೆಯ ಮೇಜಿನ ಮೇಲೆ ಇಡಿ. ದಾರಿ ಇಲ್ಲದೆ ಇಲ್ಲ. 2006ರಲ್ಲಿ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ರಾಜ್ಯಕ್ಕೂ ಒಂದು ಭದ್ರತಾ ಆಯೋಗ ಇರಬೇಕು, ಅದು ಪೊಲೀಸರ ಕೆಲಸ ಅಳೆದು ವರದಿಯನ್ನು ಶಾಸನಸಭೆಯ ಮುಂದಿಡಬೇಕು ಅಂದಿದೆ. ಆ ವರದಿಯಲ್ಲೇ ಈ ಅಧ್ಯಾಯ ಸೇರಲಿ.

ಹನೂರು, ಕೊಳ್ಳೇಗಾಲ, ಯಳಂದೂರಿನ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ಇದಕ್ಕೆ ಶಾಸಕರ ಬಾಗಿಲು ಕಾಯಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮು ಗುಪ್ತಚರ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ, ನಿಜ. ಆದರೆ ಅದೇ ಕಲಮಿನಲ್ಲಿ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ ಅಂತಲೂ ಬರೆದಿದೆ. ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನದೊಳಗೆ ಕೊಡಬೇಕು. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 89 ಮಂದಿಯಲ್ಲಿ ಕರ್ನಾಟಕದವರೆಷ್ಟು, ಅವರಿಗೆ ಪೂರ್ತಿ ಹಣ ಯಾವ ದಿನಾಂಕದಂದು ಸಂದಿತು, ಬೆಟ್ಟದ ಕ್ಯಾಂಪಿಗೆ ತಂದವರ ರಿಜಿಸ್ಟರು ಇತ್ತೇ, ಇದ್ದರೆ ಈಗ ಯಾವ ಕಚೇರಿಯಲ್ಲಿದೆ, ಸುಟ್ಟಿದ್ದರೆ ಸುಡಲು ಆದೇಶ ಮಾಡಿದವರು ಯಾರು. ಇಷ್ಟನ್ನು ಕನ್ನಡದಲ್ಲೇ ಬರೆದು ಗೃಹ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಜೋಪಾನ ಮಾಡಿ. ಬಂದ ಉತ್ತರವನ್ನು, ಬರದೆ ಹೋದರೆ ಬರಲಿಲ್ಲ ಅನ್ನೋದನ್ನು, ಪತ್ರಿಕೆಗೆ ಕಳಿಸಿಕೊಡಿ.