ನಿಲ್ಲಿಸಲು ಬಂದವನೇ ಬೀಸಬೇಕು

ಯಲಬುರ್ಗಾ ತಾಲ್ಲೂಕಿನ ಬೇವೂರಿನಂಥ ಊರುಗಳ ಕಡೆ ಮೊಹರಂ ಬಂತೆಂದರೆ ಹೆಜ್ಜೆ ಮೇಳದ ಸಂಭ್ರಮ. ಹೊಸದಾಗಿ ಮೇಳ ಸೇರಿದ ಹುಡುಗ ಮೊದಲು ನೋಡುವುದು ಮುಂದಿನವನ ಕಾಲನ್ನು. ಕೈಯ ಬೆಡಗು ಆಮೇಲೆ. ಹೆಜ್ಜೆ ತಪ್ಪಿದರೆ ಸಾಲೇ ಕೆಡುತ್ತದೆ. ದೊಣ್ಣೆ ವರಸೆ, ಕತ್ತಿ ವರಸೆ ಕಲಿಯುವವನಿಗೂ ಇದೇ ಮಾತು. ಅಲ್ಲಿ ಹೆಜ್ಜೆ ತಪ್ಪಿದರೆ ಸಾಲು ಕೆಡುವುದಿಲ್ಲ, ಎದುರಿನವನ ತಲೆ ಒಡೆಯುತ್ತದೆ.

ಈಗಿನ ಹುಡುಗರಿಗೆ ವರಸೆಗಳ ಬರವಿಲ್ಲ. ಮೊಬೈಲ್ ತೆರೆದರೆ ದಿನಕ್ಕೊಂದು ಹೊಸದು ಸಿಗುತ್ತದೆ. ಕೋಲು ಸೊಂಟದ ಸುತ್ತ ತಿರುಗುತ್ತದೆ, ಹೆಗಲ ಮೇಲೆ ಉರುಳುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಇನ್ನೊಬ್ಬ ಕೋಲು ಹಿಡಿದು ಎದುರಿಗೆ ನಿಂತಾಗ ಮಾತ್ರ ಬಂಡವಾಳ ಬಯಲಾಗುತ್ತದೆ.

ಆ ಬಂಡವಾಳ ಬಹಳ ದೊಡ್ಡದಲ್ಲ. ಕಾಲಿನ ನಿಲುವು, ಕೋಲಿನ ಹಿಡಿತ, ಎದುರಾಳಿಯಿಂದ ಇರಬೇಕಾದ ಅಂತರ, ನೇರವಾದ ಒಂದು ಹೊಡೆತ, ಒಂದು ತಡೆ. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ. ಅದು ಪಾದದಿಂದ ಎದ್ದು, ಸೊಂಟದಲ್ಲಿ ತಿರುಗಿ, ಹೆಗಲು ದಾಟಿ ಮಣಿಕಟ್ಟಿಗೆ ಬರುತ್ತದೆ. ನಡುವೆ ಒಂದು ಕೊಂಡಿ ಸಡಿಲವಾದರೂ ಉಳಿಯುವುದು ತೋಳಿನ ಬಲವೊಂದೇ. ನೂರು ವರಸೆ ಬಿಡಿಸಿ ನೋಡಿದರೂ ಒಳಗೆ ಸಿಗುವುದು ಇವೇ ನಾಲ್ಕೈದು ಸಂಗತಿ.

ಈ ಸೀಮೆಗೆ ಇದು ಹೊಸ ಪಾಠವೇನೂ ಅಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ಚಾಲುಕ್ಯ ದೊರೆಯ ಮಗ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿದ್ಯೆಗೂ ಮಲ್ಲವಿದ್ಯೆಗೂ ಬೇರೆ ಬೇರೆ ಅಧ್ಯಾಯಗಳಿವೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿ, ಅವರ ವ್ಯಾಯಾಮ ಮತ್ತು ಊಟದ ಕ್ರಮವನ್ನೂ ಅದು ಹೇಳುತ್ತದೆ. ಪಟ್ಟು ಹಾಕುವ ಮೊದಲು ಮೈ ಸಿದ್ಧವಾಗಬೇಕು ಎಂಬುದು ಒಂಬೈನೂರು ವರ್ಷದ ಹಿಂದೆಯೇ ಗೊತ್ತಿದ್ದ ವಿಷಯ.

ನೆರೆಯ ಕೇರಳದ ಕಳರಿಪಯಟ್ಟಿನಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಮೊದಲು ಮೈಯನ್ನು ಹದಗೊಳಿಸುವ ‘ಮೆಯ್ತಾರಿ’. ಆಮೇಲೆ ಕೋಲಿನ ‘ಕೋಲ್ತಾರಿ’. ಅದಾದ ಮೇಲೆಯೇ ಲೋಹದ ಆಯುಧಗಳ ‘ಅಂಗತ್ತಾರಿ’. ಜಪಾನಿನ ಕೆಂಡೊದಲ್ಲಿ ಬರಿಯ ಗಾಳಿಗೆ ಕತ್ತಿ ಬೀಸುವ ‘ಸುಬುರಿ’ ಇದೆ. ಅದು ಹೊಸಬರಿಗಷ್ಟೇ ಮೀಸಲಲ್ಲ. ಹತ್ತಾರು ವರ್ಷ ಪಳಗಿದವರೂ ಅದನ್ನು ಬಿಡುವುದಿಲ್ಲ.

ಕನ್ನಡದಲ್ಲಿ ‘ವರಸೆ’ ಎಂಬ ಪದವೇ ಈ ಗುಟ್ಟನ್ನು ಇಟ್ಟುಕೊಂಡಿದೆ. ವರಸೆ ಎಂದರೆ ಸಾಲು, ಕ್ರಮ. ಸಂಗೀತ ಕಲಿಯುವ ಮಕ್ಕಳಿಗೂ ಸರಳೆ ವರಸೆ, ಜಂಟಿ ವರಸೆಗಳೇ ಮೊದಲ ಪಾಠ. ಏಳು ಸ್ವರ ನೆಲೆ ನಿಲ್ಲದ ಮಗುವಿಗೆ ಯಾವ ಮೇಷ್ಟ್ರೂ ಕೃತಿ ಹೇಳಿಕೊಡುವುದಿಲ್ಲ. ಅಪಸ್ವರಕ್ಕೆ ಯಾರ ತಲೆಯೂ ಒಡೆಯುವುದಿಲ್ಲ, ಆದರೂ ಅಲ್ಲಿ ಅಷ್ಟು ಎಚ್ಚರ. ಕೋಲಿನ ವಿಷಯದಲ್ಲಿ ಇನ್ನೆಷ್ಟಿರಬೇಕು?

ಕಲಿತವನನ್ನು ಗುರುತಿಸುವ ಬಗೆಯೂ ಸುಲಭ. ಬೀಸುವುದು ಯಾರಿಗಾದರೂ ಬರುತ್ತದೆ. ಪೂರ್ತಿ ರಭಸದಲ್ಲಿ ಬೀಸಿದ ಕೋಲನ್ನು ಜೊತೆಗಾರನ ಹಣೆಗೆ ನಾಲ್ಕು ಬೆರಳು ಇರುವಾಗ ನಿಲ್ಲಿಸುವುದು, ಒಂದೇ ಹೊಡೆತವನ್ನು ಸಾವಿರ ಸಲ ಹೊಡೆದವನಿಗೆ ಮಾತ್ರ ಸಾಧ್ಯ. ಅವನು ಕೋಲು ಎತ್ತಿದಾಗ ಎದುರಿನವನು ಕಣ್ಣು ಮುಚ್ಚುವುದಿಲ್ಲ. ಆ ನಂಬಿಕೆ ಇಲ್ಲದ ಕಡೆ ಇಬ್ಬರೂ ಅಂಜುತ್ತಾರೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಹಳ್ಳಿಯ ಎಷ್ಟೋ ಗರಡಿಗಳಿಗೆ ಬೀಗ ಬಿದ್ದಿದೆ. ಅಲ್ಲಿನ ವರಸೆಗಳನ್ನು ಚಿತ್ರ ತೆಗೆದು ಉಳಿಸಬಹುದು. ಆದರೆ ಚಿತ್ರ ನೋಡುವವನ ಕಾಲಿನ ತಪ್ಪನ್ನು ಕಾಣದು. ಕೆಮ್ಮಣ್ಣಿನ ಅಂಚಿಗೆ ಕೂತು, ಹುಡುಗನ ಹಿಮ್ಮಡಿಯನ್ನೇ ನೋಡುತ್ತಾ ‘ಇನ್ನೊಮ್ಮೆ’ ಎನ್ನಲು ಉಸ್ತಾದನೇ ಬೇಕು. ಅಂಥವನೊಬ್ಬ ಊರಲ್ಲಿ ಇನ್ನೂ ಇದ್ದರೆ, ಹೊಸ ವರಸೆ ಕೇಳದೆ ಹಳೆಯದೊಂದನ್ನೇ ಅವನ ಮುಂದೆ ಮಾಡಿ ತೋರಿಸುವುದು ಜಾಣತನ.