ತಿರುಗುವ ಬೆಂಕಿಗೆ ಕಾಂತದ ಬೇಲಿ

ಕಾದ ಎಣ್ಣೆಗೆ ಬಾಣಲೆಯುಂಟು, ಕರಗಿದ ಚಿನ್ನಕ್ಕೆ ಮೂಸೆಯುಂಟು. ಹತ್ತು ಕೋಟಿ ಡಿಗ್ರಿಗಳಷ್ಟು ಕಾದ ವಸ್ತುವಿಗೆ ಪಾತ್ರೆ ಯಾವುದು? ಜಲಜನಕದ ಪರಮಾಣುಬೀಜಗಳನ್ನು ಬೆಸೆದು ಸೂರ್ಯನಂತೆ ಶಕ್ತಿಯನ್ನು ಪಡೆಯಬಯಸುವವರಿಗೆ ಮೊದಲು ಎದುರಾಗುವ ಪ್ರಶ್ನೆಯೇ ಇದು.

ಅಂತಹ ಕಾವಿನಲ್ಲಿ ಪರಮಾಣುವು ಒಡೆದು, ಎಲೆಕ್ಟ್ರಾನುಗಳು ಬೇರೆ, ಬೀಜಗಳು ಬೇರೆಯಾಗಿ ಅಲೆಯುವುವು. ವಿದ್ಯುತ್ತಿನಿಂದ ಹೀಗೆ ಒಡೆದ ವಾಯುವಿಗೆ 1928ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಪಂಡಿತನು ‘ಪ್ಲಾಸ್ಮಾ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ರೂಪಗೊಳಿಸಿದ ವಸ್ತುವೆಂದು ಅರ್ಥ. ಯಾವ ರೂಪಕ್ಕೂ ನಿಲ್ಲದುದಕ್ಕೆ ಈ ಹೆಸರು ಬಂದುದನ್ನು ಕಂಡು ನಮ್ಮ ನಿರುಕ್ತಕಾರರು ನಗುತ್ತಿದ್ದರೋ ಏನೋ!

ಈ ಕಣಗಳು ಅಯಸ್ಕಾಂತದ ಬಲರೇಖೆಗಳನ್ನು ಸುತ್ತಿಕೊಂಡು ಚಲಿಸುವುವು. ರೇಖೆಯನ್ನು ಸುಲಭವಾಗಿ ದಾಟಲಾರವು, ಆದರೆ ಅದರ ಉದ್ದಕ್ಕೂ ಓಡಬಲ್ಲವು. ಆದುದರಿಂದ ಉದ್ದವಾದ ಕೊಳವೆಯ ಎರಡು ತುದಿಗಳಲ್ಲಿ ಕಾಂತಬಲವನ್ನು ಹೆಚ್ಚಿಸುವರು. ಅಲ್ಲಿಗೆ ಬಂದ ಕಣಗಳಲ್ಲಿ ಅನೇಕವು ಹಿಂದಿರುಗುವುವು. ನೇರವಾಗಿ ನುಗ್ಗಿದವು ಮಾತ್ರ ನುಸುಳಿಹೋಗುವುವು.

ಈ ಸೋರಿಕೆಯನ್ನು ತಡೆಯಲು ಪ್ಲಾಸ್ಮಾವನ್ನು ಗಿರಗಿರನೆ ತಿರುಗಿಸಬೇಕೆಂಬುದು ಒಂದು ಉಪಾಯ. ತಿರುಗುವ ವಸ್ತುವು ಹೊರಕ್ಕೆ ಚಿಮ್ಮುವುದಷ್ಟೆ. ಓಡಿಹೋಗುವುದನ್ನು ಇನ್ನೂ ದೂಡಿ ಹಿಡಿಯುವುದೆಂತು ಎಂದು ನಾವೂ ಮೊದಲು ಸಂಶಯಪಟ್ಟೆವು. ಬಿಲ್ಲಿನಂತೆ ಬಾಗಿದ ತಂತಿಗೆ ಮಣಿಯೊಂದನ್ನು ಪೋಣಿಸಿ, ಎರಡು ತುದಿಗಳನ್ನೂ ಹಿಡಿದು ವೇಗವಾಗಿ ತಿರುಗಿಸಿದರೆ, ಮಣಿಯು ಬಾಗಿನ ನಡುವಿಗೆ ಸರಿದು ನಿಲ್ಲುವುದು. ಬಲರೇಖೆಗಳೂ ತುದಿಗಳಲ್ಲಿ ಅಚ್ಚಿನ ಸಮೀಪಕ್ಕೆ ಕೂಡಿ, ನಡುವೆ ಹೊಟ್ಟೆಯಂತೆ ಉಬ್ಬಿರುವುವು. ಹೊರಕ್ಕೆ ಚಿಮ್ಮುವ ಕಣವು ರೇಖೆಯನ್ನು ದಾಟಲಾರದೆ ಆ ಉಬ್ಬಿಗೇ ಜಾರುವುದು.

ತಿರುಗಿಸುವುದಕ್ಕೆ ಚಕ್ರವೂ ಬೇಡ, ಹಗ್ಗವೂ ಬೇಡ. ಕೊಳವೆಯ ನಡುವೆ ಲೋಹದ ಸಲಾಕೆಯನ್ನಿರಿಸಿ, ಸಲಾಕೆಗೂ ಗೋಡೆಗೂ ನಡುವೆ ಬಲವಾದ ವಿದ್ಯುತ್ತನ್ನು ಒಡ್ಡಿದರೆ, ಪ್ಲಾಸ್ಮಾವು ವಿದ್ಯುತ್ತಿನ ದಿಕ್ಕಿಗೂ ಹೋಗದೆ, ಕಾಂತದ ದಿಕ್ಕಿಗೂ ಹೋಗದೆ, ಎರಡಕ್ಕೂ ಅಡ್ಡಲಾಗಿ ಸಲಾಕೆಯನ್ನು ಪ್ರದಕ್ಷಿಣೆ ಮಾಡುವುದು. 1950ರ ದಶಕದಲ್ಲಿ ಲಾಸ್ ಅಲಮಾಸಿನಲ್ಲಿ ನಿರ್ಮಿಸಿದ ಇಂತಹ ಯಂತ್ರಕ್ಕೆ ‘ಇಕ್ಸಿಯಾನ್’ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಉರಿಯುವ ಚಕ್ರಕ್ಕೆ ಬಿಗಿಯಲ್ಪಟ್ಟ ಅರಸನು ಅವನು. ಈ ನಾಮಕರಣಕ್ಕೆ ನಮ್ಮ ಪೂರ್ಣ ಸಮ್ಮತಿಯುಂಟು.

ಮೇರಿಲೆಂಡ್ ವಿಶ್ವವಿದ್ಯಾನಿಲಯದವರು 2005ರಲ್ಲಿ ಪ್ರಕಟಿಸಿದ ವರದಿಯಂತೆ, ಅವರ ಯಂತ್ರದಲ್ಲಿ ಪ್ಲಾಸ್ಮಾವು ಸೆಕೆಂಡಿಗೆ ಸುಮಾರು 100 ಕಿಲೋಮೀಟರು ವೇಗದಿಂದ, ಸೆಕೆಂಡಿನ ಸಾವಿರದಲ್ಲಿ 8 ಪಾಲಿಗಿಂತ ಹೆಚ್ಚು ಕಾಲ ತಿರುಗಿತು. ಕಣ್ಣು ಮಿಟುಕಿಸುವ ಹೊತ್ತೂ ಅಲ್ಲವೆಂದು ವಾಚಕರು ಹಗುರಾಗಿ ಎಣಿಸಬಾರದು. ಅಷ್ಟರಲ್ಲಿ ಅದು 800 ಮೀಟರಿನಷ್ಟು ದಾರಿಯನ್ನು ಸುತ್ತಿರುತ್ತದೆ.

ಆದರೆ ವೇಗಕ್ಕೆ ಒಂದು ಅಂಕುಶವುಂಟು. ಪ್ಲಾಸ್ಮಾವು ಒಡೆಯದ ವಾಯುವಿಗೆ ಉಜ್ಜುತ್ತ ಓಡಿದಾಗ, ಒಂದು ಮಿತಿಯನ್ನು ಮುಟ್ಟಿದೊಡನೆ ಕೊಟ್ಟ ಶಕ್ತಿಯೆಲ್ಲ ಆ ವಾಯುವನ್ನು ಒಡೆಯುವುದಕ್ಕೇ ವ್ಯಯವಾಗುವುದೆಂದು ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೇನನು ಸೂಚಿಸಿದ್ದನು. ಜಲಜನಕಕ್ಕೆ ಈ ಮಿತಿಯು ಸೆಕೆಂಡಿಗೆ ಸುಮಾರು 50 ಕಿಲೋಮೀಟರು. ಹಾಗಾದರೆ 100 ಹೇಗೆ ಬಂದಿತು? ಬೀಸುವ ಕಲ್ಲನ್ನು ನೋಡಿರಿ. ಒಂದೇ ಸುತ್ತಿನಲ್ಲಿ ಅಂಚಿನ ಹಿಡಿಗೂಟವು ಬಹುದೂರ ಹೋಗುವುದು, ನಡುಗೂಟದ ಬಳಿಯ ಕಲ್ಲು ಸ್ವಲ್ಪವೇ ಹೋಗುವುದು. ವಾಯುವಿನ ಉಜ್ಜಾಟವಿರುವುದು ತುದಿಗಳಲ್ಲಿ, ವಿದ್ಯುತ್ತನ್ನು ತಡೆಯುವ ಬಿಲ್ಲೆಗಳ ಬಳಿ. ಅಲ್ಲಿ ರೇಖೆಯು ಅಚ್ಚಿಗೆ ಸಮೀಪ, ವೇಗವೂ ಕಡಮೆ. ಉಬ್ಬಿನ ನಡುವೆ ವೇಗವು ಅದನ್ನು ಮೀರಬಹುದು.

ಮೇರಿಲೆಂಡಿನಲ್ಲಿಯೇ ಅನಂತರ ಕಟ್ಟಿದ ಯಂತ್ರಕ್ಕೆ, ರೋಗಿಗಳ ಒಡಲನ್ನು ಚಿತ್ರಿಸುವ ಎಂ.ಆರ್.ಐ. ಯಂತ್ರಗಳ ಹಳೆಯ ಕಾಂತಗಳನ್ನೇ ತಂದು ಜೋಡಿಸಿದರು. ಸಲಾಕೆಗೆ ಒಂದು ಲಕ್ಷ ವೋಲ್ಟುಗಳನ್ನು ಕೊಡುವುದು ಅವರ ಗುರಿ. ಮನೆಯ ದೀಪ ಬೆಳಗುವ ಮಾತು ಇನ್ನೂ ದೂರವಿದೆ. ಅಷ್ಟು ವಿದ್ಯುತ್ತಿನೆದುರು ತುದಿಯ ಆ ಬಿಲ್ಲೆಗಳು ಕರಗದೆ, ಸೀಳದೆ ನಿಲ್ಲಬೇಕು.